ಅವ್ವ ಕಾರಿನ ಕ್ರಾಸು ಹಾಕಿದ್ದು

ಗ್ರೀಸಿನ ವಾಸನೆ ಮೂಗಿಗೆ ಬಡಿದರೆ ನನಗೆ ಗ್ಯಾರೇಜು ನೆನಪಾಗುವುದಿಲ್ಲ, ಅವ್ವ ನೆನಪಾಗುತ್ತಾಳೆ. ನಿಮಗೂ ನಿಮ್ಮ ತಾಯಿಯ ಕೈಯ ಒಂದು ವಾಸನೆ ನೆನಪಿರಬಹುದು. ಬೆಳ್ಳುಳ್ಳಿಯದೋ, ವಿಭೂತಿಯದೋ, ಆಗಷ್ಟೇ ಬೀಸಿದ ಹಿಟ್ಟಿನದೋ. ನಮ್ಮವ್ವನ ಕೈಗೂ ಜೋಳದ ಹಿಟ್ಟಿನ ವಾಸನೆಯೇ ಇತ್ತು. ಆದರೆ ಒಂದು ಬೇಸಿಗೆಯಲ್ಲಿ, ಸೀಗೆಪುಡಿ ಹಚ್ಚಿ ಎಷ್ಟು ತಿಕ್ಕಿದರೂ ಹೋಗದೆ ಗ್ರೀಸು ಅವಳ ಉಗುರ ಸಂದಿಯಲ್ಲಿ ಉಳಿದುಬಿಟ್ಟಿತ್ತು. ಆ ಕೈಯಿಂದಲೇ ಅವಳು ರೊಟ್ಟಿ ಬಡಿದಳು, ನಾವು ತಿಂದೆವು. ಮೊನ್ನೆ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಯಾರೋ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಪಕ್ಕದಲ್ಲಿ ಗ್ರೀಸಿನ ಡಬ್ಬಿ ಬಿಸಿಲಿಗೆ ಬಾಯಿ ತೆರೆದು ಕೂತಿತ್ತು. ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ.

ಎಂಬತ್ತರ ದಶಕದ ಮಾತು. ಯರಗುಪ್ಪಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲ ಮುಂದೆ ಉದ್ದನೆಯ ಕಟ್ಟೆ, ಕಟ್ಟೆಯ ಮುಂದೆ ಅಂಗಳ, ಅಂಗಳದ ಒಂದು ಬದಿಗೆ ಎತ್ತು ಕಟ್ಟುವ ಜಾಗ, ಇನ್ನೊಂದು ಬದಿಗೆ ತಗಡಿನ ಚಪ್ಪರ. ಆ ಚಪ್ಪರದ ಕೆಳಗೆ ಅಪ್ಪನ ಕಾರು ನಿಲ್ಲುತ್ತಿತ್ತು. ಮೆಣಸಿನಕಾಯಿ, ಹತ್ತಿ ಬೆಳೆಯುವ ಅಪ್ಪ ಅದನ್ನು ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಂದ ಕೊಂಡು ತಂದಿದ್ದ. ಬೂದಿ ಬಣ್ಣದ, ಮೈತುಂಬ ಗೀರು ಬಿದ್ದ ಹಳೆಯ ಕಾರು. ಸೀಟಿನ ಮೇಲೆ ಕೂತರೆ ಒಣ ಮೆಣಸಿನಕಾಯಿಯ ಘಾಟಿಗೆ ಸೀನು ಬರುತ್ತಿತ್ತು. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ ನಮ್ಮ ಬಾಗಿಲು ಬಡಿಯುತ್ತಿದ್ದರು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಡುತ್ತಿದ್ದ. ಎಂಜಿನ್ ಶುರುವಾಗುವ ಮೊದಲೇ ಅವನ ಮಾತು ಶುರುವಾಗಿರುತ್ತಿತ್ತು. ಅಪ್ಪ ಅಷ್ಟು ಮಾತಿನವನು. ಎತ್ತಿನ ಜೊತೆ, ಕಾರಿನ ಜೊತೆ, ದಾರಿಯಲ್ಲಿ ಎದುರಾದವರ ಜೊತೆ, ಯಾರೂ ಇಲ್ಲದಿದ್ದರೆ ಮೋಡದ ಜೊತೆ ಮಾತಾಡುತ್ತಿದ್ದ.

ಅಂಥವನಿಗೆ ಒಂದು ಮುಂಜಾನೆ ಹೊಲದಲ್ಲಿ ಲಕ್ವ ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಜೋತುಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಡಾಕ್ಟರು ಹೇಳಿ ಕಳಿಸಿದ್ದು ಒಂದೇ: ಮಾತಾಡುತ್ತಿರಲಿ, ಆಗ ಮಾತು ಮರಳುತ್ತದೆ. ಮೊದಮೊದಲು ಅಪ್ಪ ಪ್ರಯತ್ನವನ್ನೂ ಮಾಡಿದ. ಆದರೆ ನೋಡಲು ಬಂದ ನೆಂಟನೊಬ್ಬ ಅವನ ತೊದಲು ಮಾತಿಗೆ "ಏನಂದಿ? ಏನಂದಿ?" ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ತಡೆಯಲಾಗದೆ ನಕ್ಕುಬಿಟ್ಟ. ಅಂದಿನಿಂದ ಅಪ್ಪ ಬಾಯಿ ಮುಚ್ಚಿದ. ಕಟ್ಟೆಯ ಮೇಲೆ ಹಾಕಿದ ಹೊರಸಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ನೀರು ಬೇಕೆಂದರೆ ತಂಬಿಗೆ ತೋರಿಸುತ್ತಿದ್ದ. ಮಾತಿನ ಮನೆಯೊಂದು ಸುಮ್ಮನಾದರೆ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ನಾವು ಮಕ್ಕಳು ಕೂಡ ಪಿಸುಗುಡುತ್ತಿದ್ದೆವು. ಎತ್ತು ಕತ್ತು ಅಲ್ಲಾಡಿಸಿದರೆ ಗೆಜ್ಜೆಯ ಸದ್ದು ಇಡೀ ಮನೆಗೆ ಕೇಳುತ್ತಿತ್ತು.

ಅಪ್ಪನ ತಮ್ಮ ಬಸು ಕಾಕಾ ಆಗ ಹೊಲಮನೆ ಎರಡನ್ನೂ ಹೊತ್ತುಕೊಂಡಿದ್ದ. ಒಳ್ಳೆಯವನು, ಸ್ವಲ್ಪ ಅವಸರದವನು. ಒಂದು ದಿನ ಊಟಕ್ಕೆ ಕೂತಾಗ ಹೇಳಿದ: "ವೈನಿ, ಅಣ್ಣಿಗೇರಿಯವರೊಬ್ರು ಗಾಡಿ ಕೇಳಾಕತ್ತಾರ. ಸೋಮವಾರ ಬರತಾರಂತ. ಇನ್ನ ಅದನ್ನ ಹೊಡಿಯಾವ್ರರ ಯಾರು? ಹೋದ್ರ ಹೋಗ್ಲಿ ಬಿಡ್ರಿ."

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಅವರು ಯಾವಾಗರ ಮಗ್ಗಲಾ ಹೊಳ್ಳಿದ್ರ ಅದನ್ನ ನೋಡಾಕ, ಬಸಣ್ಣಾ. ಆ ಜಾಗಾ ಖಾಲಿ ಆದ್ರ ಅವರು ಮತ್ತ ಈ ಕಡೆ ಹೊಳ್ಳೂದಿಲ್ಲ," ಎಂದಳು.

ಕಾರಿಗೂ ಆಗ ಒಂದು ರೋಗವಿತ್ತು. ಗೇರು ಹಾಕಿ ಹೊರಟರೆ ಹೊಟ್ಟೆಯ ಕೆಳಗೆ 'ಟಕ್' ಎಂದು ಬಡಿಯುತ್ತಿತ್ತು. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಕೊಳವೆಯೊಂದು ಕಾರಿನ ಕೆಳಗಿರುತ್ತದೆ, ಅದೇ ಶಾಫ್ಟು. ರಸ್ತೆ ಏರಿಳಿದ ಹಾಗೆ ಅದು ಬಾಗಿ ತಿರುಗಬೇಕಲ್ಲ, ಅದಕ್ಕಾಗಿ ತುದಿಯಲ್ಲಿ ನಾಲ್ಕು ಕೈಯ ಒಂದು ಕೀಲು. ಅದನ್ನು ಕ್ರಾಸು ಎನ್ನುತ್ತಿದ್ದರು. ಕ್ರಾಸು ಸವೆದಿದೆ ಎಂದು ಕಾಯಿಲೆ ಬೀಳುವ ಮೊದಲೇ ಅಪ್ಪ ಹೊಸದೊಂದನ್ನು ತಂದು, ಎಣ್ಣೆ ಕಾಗದದಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಿದ್ದ.

ಮರುದಿನ ಮುಂಜಾನೆ ಅವ್ವ ಅದನ್ನು ಕೈಗೆತ್ತಿಕೊಂಡಳು. ಕಾಕಾನಿಂದ, ಓಣಿಯ ಇಬ್ಬರಿಂದ ಕಾರು ನೂಕಿಸಿ ಸರಿಯಾಗಿ ಅಪ್ಪನ ಹೊರಸಿನ ಮುಂದೆ ನಿಲ್ಲಿಸಿದಳು. ಸೀರೆಯ ಕಚ್ಚೆ ಹಾಕಿ, ತಲೆಗೆ ಅಪ್ಪನ ಹಳೆಯ ವಸ್ತ್ರ ಸುತ್ತಿಕೊಂಡು ಹಿಂದಿನ ಗಾಲಿಗೆ ಜಾಕು ಹಚ್ಚಿದಳು. ಮಗ್ಗುಲ ಮನೆಯ ಗಂಗಮ್ಮಜ್ಜಿ ಹಣಿಕಿ, "ನೀಲವ್ವಾ, ಹೆಣ್ಮಗಳು ಕಾರಿನ ಬುಡಕ ಹೊಕ್ರ ಚಂದಾಕೈತೇನ್ಬೇ?" ಎಂದಳು.

"ಚಂದ ಆಮ್ಯಾಲ ನೋಡೂಣು ಬೇ, ಮೊದಲ ಬೋಲ್ಟು ಬಿಚ್ಚಲಿ," ಎಂದು ಅವ್ವ ಜಾಕು ತಿರುಗಿಸತೊಡಗಿದಳು.

ಕಾರಿನ ಹಿಂಭಾಗ ಮೇಲೇಳುತ್ತಿತ್ತು. ಆಗ ಗೋಡೆಯ ಕಡೆಯಿಂದ ಒಂದು ಸದ್ದು ಬಂತು. "ಕ... ಕಲ್ಲ."

ಅವ್ವ ತಿರುಗಿ ನೋಡಲಿಲ್ಲ. ಕೈ ಮಾತ್ರ ನಿಂತಿತು. "ಏನಂದ್ರಿ?" ಎಂದಳು. ಆ ನೆಂಟ ಕೇಳಿದ ಪ್ರಶ್ನೆಯೇ, ಆದರೆ ಅವಳು ಕೇಳಿದ್ದು ದಿನವೂ ಕೇಳುವ ಸಹಜ ದನಿಯಲ್ಲಿ. ಅವನು ಹೊಲದಿಂದ ಬಂದು ಏನೋ ಹೇಳಿದ್ದು ಒಲೆಯ ಸದ್ದಿನಲ್ಲಿ ಕೇಳಿಸದೆ ಹೋದ ಹಾಗೆ.

"ಗಾಲಿಗಿ... ಕಲ್ಲ ಕೊಡು. ಮುಂದಿನ ಗಾಲಿಗಿ."

ಕಲ್ಲು ಕೊಡದಿದ್ದರೆ ಕಾರು ಜಾರಿ ಅವಳ ಮೇಲೆಯೇ ಬರುತ್ತಿತ್ತು. ಕಾಕಾ ಓಡಿ ಹೋಗಿ ಎರಡು ದೊಡ್ಡ ಕಲ್ಲು ತಂದು ಕೊಟ್ಟ, ಹಿಂದಿನ ಅಚ್ಚಿನ ಕೆಳಗೆ ಮರದ ದಿಮ್ಮಿ ಸೇರಿಸಿದ. ಅಪ್ಪ ಆಗಲೇ ಈ ಕಡೆ ಮಗ್ಗುಲಾಗಿದ್ದ.

ಅಲ್ಲಿಂದ ಕೆಲಸ ಒಂದೊಂದೇ ಮಾತಿನ ಮೇಲೆ ಸಾಗಿತು. ಅವ್ವ ಕೆಳಗೆ ಮಲಗಿ ಬೋಲ್ಟಿಗೆ ಪಾನಾ ಹಚ್ಚಿದಳು; ಅಪ್ಪ "ಗುರುತ" ಎಂದ. ಬಿಚ್ಚಿದ್ದು ಮೊದಲಿದ್ದ ಹಾಗೆಯೇ ಮರಳಿ ಕೂಡಬೇಕು, ಅದಕ್ಕೆ ಎರಡೂ ಕಡೆ ಗೀರು ಹಾಕಬೇಕು. ಉಳಿಯಿಂದ ಗೀರಿದಳು. ಶಾಫ್ಟು ಎಳೆಯುವಾಗ "ಪರಾತ" ಎಂದ. ಗೇರಿನ ಎಣ್ಣೆ ಸುರಿಯುತ್ತದೆಂದು ಅವಳಿಗೆ ಹೊಳೆದು, ಹಿಟ್ಟು ಕಲಸುವ ಪರಾತವನ್ನೇ ತಂದು ಕೆಳಗಿಟ್ಟಳು. ಪ್ರತಿ ಮಾತಿಗೂ ಅಪ್ಪನ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಹೊಲದಲ್ಲಿ ಗಳೆ ಹೊಡೆದರೂ ಅಷ್ಟು ಬೆವರಿದ್ದನ್ನು ನಾನು ಕಂಡಿರಲಿಲ್ಲ.

ಹೊರತೆಗೆದ ಶಾಫ್ಟನ್ನು ಒಳಕಲ್ಲಿನ ಪಕ್ಕದ ಬಂಡೆಯ ಮೇಲಿಟ್ಟರು. ಚಕ್ಕಡಿಯ ಹಳೆಯ ಕಬ್ಬಿಣದ ಬಳೆಯೊಂದನ್ನು ಕೆಳಗಿಟ್ಟು, ಮೇಲಿನಿಂದ ಕಾಕಾ ಮೆಲ್ಲಗೆ ಬಡಿದಂತೆ ಹಳೆಯ ಕ್ರಾಸಿನ ಬಟ್ಟಲುಗಳು ಒಂದೊಂದೇ ಹೊರಬಂದವು. ಕೆಂಪು ತುಕ್ಕಿನ ಪುಡಿ ಉದುರಿತು. ಹೊಸ ಕ್ರಾಸಿನ ನಾಲ್ಕು ಕೈಗಳಿಗೂ ಒಂದೊಂದು ಉಕ್ಕಿನ ಬಟ್ಟಲು. ಬಟ್ಟಲ ಒಳಗೋಡೆಗೆ ಸುತ್ತಲೂ ಸಣ್ಣ ಸಣ್ಣ ಸೂಜಿಗಳು, ಒಣಗಿದ ಶ್ಯಾವಿಗೆಯನ್ನು ಮುರಿದು ನಿಲ್ಲಿಸಿದ ಹಾಗೆ. ಅವುಗಳನ್ನು ಹಿಡಿದಿಡುವುದು ಬರೀ ಗ್ರೀಸು. ಮೂರು ಬಟ್ಟಲು ಸಲೀಸಾಗಿ ಕೂತವು. ನಾಲ್ಕನೆಯದು ಉಗುರಿನಷ್ಟು ಹೊರಗೇ ಉಳಿಯಿತು. ಅದನ್ನು ಬಂಧಿಸುವ ಲಾಕು ಕೂಡಲಿಲ್ಲ.

"ಒಂದ ಜೋರ ಪೆಟ್ಟ ಕೊಟ್ರ ಹೊಕ್ಕತೈತಿ ತಗೋರಿ," ಎಂದು ಕಾಕಾ ಸುತ್ತಿಗೆ ಎತ್ತಿದ.

"ಬಸ್ಯಾ! ಹೊಡಿಬ್ಯಾಡಲೇ! ಬುದ್ಧಿ ಐತಿಲ್ಲೋ?"

ಸೊಟ್ಟ ಬಾಯಿಯಿಂದಲೇ ಬಂದರೂ ಅದು ಅಪ್ಪನ ಪೂರಾ ಮಾತು, ಬೈಗುಳದ ಸಮೇತ. ಕಾಕಾ ಎತ್ತಿದ ಸುತ್ತಿಗೆ ಎತ್ತಿದಂತೆಯೇ ನಿಂತ. ಅವನ ಕಣ್ಣಲ್ಲಿ ನೀರು ಬಂದು ಗಲ್ಲಕ್ಕಿಳಿಯಿತು. "ವೈನಿ, ಬೈದಾ ನೋಡ್ರಿ! ಅಣ್ಣ ನನಗ ಬೈದಾ!" ಎಂದು ಬಹುಮಾನ ಬಂದವನ ಹಾಗೆ ನಕ್ಕ.

ಅಪ್ಪ ಹೊರಸಿನಿಂದ ಜಾರಿ, ಕಟ್ಟೆಯ ಅಂಚಿಗೆ ಸರಿದು, ಕಾಲಿಳಿಬಿಟ್ಟು ಅಂಗಳಕ್ಕಿಳಿದ. ಅವ್ವ ಎದ್ದು ಹೋಗಿ ಹಿಡಿಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತೇ ಇದ್ದಳು. ಅವನು ಗೋಡೆ ಹಿಡಿದು, ಕಾರು ಹಿಡಿದು, ಕಾಲೆಳೆಯುತ್ತ ಬಂದು ಬಂಡೆಯ ಪಕ್ಕ ಕುಸಿದು ಕೂತ. ಬಟ್ಟಲನ್ನು ಹೊರಗೆ ತೆಗೆಸಿ, ಎಡಗೈಯ ಬೆರಳನ್ನು ಒಳಗೆ ಹಾಕಿ ಕಣ್ಣು ಮುಚ್ಚಿ ತಡವಿದ. "ಒಂದ ಸೂಜಿ... ಅಡ್ಡ ಬಿದ್ದೈತಿ. ಹೊಡದಿದ್ರ... ಒಡಿತಿತ್ತು," ಎಂದ. ಅವ್ವ ತಲೆಗೂದಲಿನ ಪಿನ್ನು ತೆಗೆದು, ಬಿದ್ದ ಸೂಜಿಯನ್ನು ಮೀಟಿ ಎತ್ತಿ ನಿಲ್ಲಿಸಿ, ಬೆರಳ ತುದಿಯಿಂದ ಗ್ರೀಸು ಹಚ್ಚಿ ಅಂಟಿಸಿದಳು. ಈ ಸಲ ಬಟ್ಟಲು ಮೆತ್ತಗೆ ಒಳಗೆ ಹೋಯಿತು. ಲಾಕು 'ಕಟ್' ಎಂದು ಕೂತಿತು. ಕ್ರಾಸನ್ನು ಅಪ್ಪ ಎಡಗೈಯಿಂದ ಅತ್ತ ಇತ್ತ ತಿರುಗಿಸಿದ, ಸದ್ದಿಲ್ಲದೆ ತಿರುಗಿತು. ಅವನ ಕೈಯ ಮೇಲೆ ಅವ್ವ ತನ್ನ ಗ್ರೀಸಿನ ಕೈಯಿಟ್ಟಳು. ಹಗಲಲ್ಲಿ, ನಾಲ್ಕು ಜನರ ಮುಂದೆ, ಅವರು ಹಾಗೆ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೋಮವಾರ ಅಣ್ಣಿಗೇರಿಯವರು ಬಂದರು. ಅವ್ವ ಚಹಾ ಕೊಟ್ಟು, "ಗಾಡಿ ಕೊಡೂದಿಲ್ರಿ, ನಮಗ ಬೇಕಾಗೈತಿ," ಎಂದಳು. ಹೊಡೆಯುವವರು ಯಾರೆಂದು ಅವರು ಕೇಳಿದಾಗ ಕಾಕಾ ತಲೆ ತಗ್ಗಿಸಿದ. "ನಾನ," ಎಂದಳು ಅವ್ವ. ಬೆಳೆ ತೆಗೆದು ಖಾಲಿಯಾಗಿದ್ದ ನಮ್ಮ ಹೊಲದ ಕಣದಲ್ಲಿ ಅವಳು ಕಾರು ಕಲಿತಳು, ಆಮೇಲೆ ಧಾರವಾಡಕ್ಕೆ ಹೋಗಿ ಲೈಸನ್ಸನ್ನೂ ತಂದಳು. ಎಡಗಡೆಯ ಸೀಟಿನಲ್ಲಿ ಕೂತು ಕಲಿಸಿದವನು ಅಪ್ಪ. ಕ್ಲಚ್ಚು, ಬ್ರೇಕು, ಗೇರು ಎಂದು ಹೇಳಿ ಹೇಳಿಯೇ ಅವನ ನಾಲಿಗೆ ಸಡಿಲವಾಯಿತು. ಮಳೆಗಾಲ ಬರುವ ಹೊತ್ತಿಗೆ ಮತ್ತೆ ಜನ ನಮ್ಮ ಬಾಗಿಲು ಬಡಿಯತೊಡಗಿದ್ದರು. ಗಂಗಮ್ಮಜ್ಜಿಯ ಸೊಸೆಯನ್ನು ಹೆರಿಗೆಗೆ ಹುಬ್ಬಳ್ಳಿಗೆ ಮುಟ್ಟಿಸಿದ್ದು ಅವ್ವನೇ.

ಈಗ ಆ ಅಂಗಳವಿಲ್ಲ. ಆಸ್ತಿ ಪಾಲಾದ ಮೇಲೆ ಮನೆ ಕೆಡವಿ ಬೇರೆ ಕಟ್ಟಿದರು. ಕಟ್ಟೆ ಇದ್ದ ಜಾಗದಲ್ಲಿ ಒಂದು ಕಿರಾಣಿ ಅಂಗಡಿಯ ಬಾಗಿಲಿದೆ. ಕಾರು ಯಾರದೋ ಕೈ ಸೇರಿ ಎಲ್ಲಿ ಕರಗಿತೋ. ಕಾಕಾ ಹೋದ, ಅಪ್ಪ ಹೋದ. ಹೋದ ವರ್ಷ ಅವ್ವನೂ ಹೋದಳು. ಬದುಕಿದ್ದಾಗ ಒಮ್ಮೆ ಕೇಳಿದ್ದೆ: "ಗಾಲಿಗಿ ಕಲ್ಲ ಕೊಡೂದನ್ನ ಬೇಕಂತ ಬಿಟ್ಟಿದ್ದೇನ್ಬೇ, ಅಪ್ಪ ಮಾತಾಡಲಿ ಅಂತ?" ಅವ್ವ ಜೋರಾಗಿ ನಕ್ಕಿದ್ದಳು. "ಬೇಕಂತ ತಪ್ಪ ಮಾಡಾಕ ಮೊದಲ ಸರಿ ಯಾವದಂತ ಗೊತ್ತಿರಬೇಕಲ್ಲವ್ವಾ!"

ನನ್ನಲ್ಲಿ ಉಳಿದಿರುವುದು ಅವರಿಬ್ಬರು ಕಾರಿನ ಮುಂದಿನ ಸೀಟಿನಲ್ಲಿ ಕೂತ ಒಂದು ಮುಂಜಾನೆ. ಅಪ್ಪನನ್ನು ಡಾಕ್ಟರಿಗೆ ತೋರಿಸಲು ಹುಬ್ಬಳ್ಳಿಗೆ ಹೊರಟಿದ್ದೆವು. ಎರಡೂ ಬದಿಯ ಹೊಲಗಳಲ್ಲಿ ಹತ್ತಿ ಒಡೆದಿತ್ತು, ತಂಪು ಗಾಳಿ ಬರುತ್ತಿತ್ತು, ಹಿಂದೆ ನಾನೊಬ್ಬಳೇ. ಅಪ್ಪ ತೊದಲುತ್ತ, ತಡೆಯುತ್ತ, ಬಿಡದೆ ಮಾತಾಡುತ್ತಿದ್ದ. ಅಲ್ಲಿ ತಗ್ಗು ಐತಿ, ಇಲ್ಲಿ ಎಮ್ಮಿ ಬರತೈತಿ, ಈ ಹೊಲದಾವನ ಹತ್ತಿ ನೋಡು ಏನ ಬಂದೈತಿ, ಅವರಪ್ಪ ಒಂದ ಸಲ ಏನ ಮಾಡಿದ್ದ ಅಂದ್ರ... ಅವ್ವ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ನಗು ತಡೆಯಲಾಗದೆ ಹೇಳಿದಳು: "ಯಪ್ಪಾ, ಒಂದ ಚೂರ ಸುಮ್ಮ ಕೂಡ್ರಿ!"

ಅಪ್ಪ ಸುಮ್ಮನೆ ಕೂತ. ಮುಂದಿನ ತಿರುವಿನವರೆಗೆ.