ಹೆಸರು ಬಿಟ್ಟರೂ ಬಿಡದ ನಂಬರು

ನೆಬ್ರಾಸ್ಕಾದ ಆ ಪುಟ್ಟ ಊರಿನ ಬ್ಯಾಂಕಿನಲ್ಲಿ ಅವಳು ಮನೆಸಾಲದ ವರ್ನಾ. ಯಾರಿಗೆ ಯಾವ ಮನೆ ಎಟುಕುತ್ತದೆ, ಯಾರು ಆಸೆ ಬಿಡುವುದೇ ಒಳ್ಳೆಯದು ಎಂದು ಮುಖಕ್ಕೇ ಹೇಳುವ ಹೆಂಗಸು. ಶುಕ್ರವಾರ ಗಸಗಸೆ ತುಂಬಿದ ಕೊಲಾಚೆ ಬನ್ನು ತಂದು ಎಲ್ಲರಿಗೂ ಹಂಚುವಳು. ಫೋಟೊ ಅಂದರೆ ಮಾತ್ರ ಎದ್ದು ಹೋಗುವಳು. ಊರಿನವರು ಬಿಂಕ ಅಂದುಕೊಂಡಿದ್ದರು. ಬಿಂಕವಲ್ಲ, ಭಯ.

ಓಹಾಯೋದಲ್ಲಿ ಅವಳು ಜನೆಲ್ ರಸ್ಕ್ ಆಗಿದ್ದಳು. ಗಂಡ ವೇಡ್ ಕತ್ತು ಹಿಸುಕಿದ ಮಾರನೆಯ ದಿನ ಊರು ಬಿಟ್ಟಳು. ಆಮೇಲೆ ಹೆಸರು ಬದಲಿಸಿ ವರ್ನಾ ಕೊಪೆಕಿ ಆದಳು. ಕಸುಬನ್ನು ಮಾತ್ರ ಬಿಡಲಿಲ್ಲ, ಹೊಟ್ಟೆ ಕೇಳಬೇಕಲ್ಲ! ಕಸುಬಿನ ಜೊತೆಗೇ ನಂಬರೂ ಬಂತು. ಮನೆಸಾಲ ಮಾಡಿಸುವ ಒಬ್ಬೊಬ್ಬರಿಗೂ ಆ ದೇಶದಲ್ಲಿ ಒಂದು ನಂಬರು, ಸಾಯುವ ತನಕ ಅದೇ. ಪ್ರತಿ ಸಾಲದ ಕಾಗದದಲ್ಲೂ ಅದಿರಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಈಗಿನ ಹೆಸರು, ಹಳೆಯ ಹೆಸರು, ಕೆಲಸದ ಜಾಗ ಯಾರಿಗಾದರೂ ಕಾಣುತ್ತದೆ. ಗ್ರಾಹಕರ ವಿವರಕ್ಕೆ ಏಳು ಬೀಗ, ಕೆಲಸದವಳಿಗೆ ಒಂದು ಚಿಲಕವೂ ಇಲ್ಲ. ಎಂಥ ನ್ಯಾಯ! ವೇಡನಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ಅವಳು ಧೈರ್ಯ ತಂದುಕೊಂಡಿದ್ದಳು.

ಚಳಿ ಇಳಿಯುವ ಹೊತ್ತಿಗೆ ಫೋನು ಶುರುವಾಯಿತು. ಎತ್ತಿದರೆ ಒಂದು ಗಂಡು ದನಿ ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ, ಅವಳ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಇಟ್ಟುಬಿಡುತ್ತಿತ್ತು. ವೇಡನದೇ ದನಿ ಎಂದು ಮೊದಲ ಅಂಕಿಗೇ ಅವಳಿಗೆ ತಿಳಿಯುತ್ತಿತ್ತು. ಪೊಲೀಸರ ಹತ್ತಿರ, ಶೆರಿಫ್ ಕಚೇರಿಗೆ ಹೋದರೆ, "ಅವನೆಲ್ಲಿದಾನೆ ಅಂತ ಗೊತ್ತಾದ್ರೆ ಹೇಳಿ ಮೇಡಂ," ಅಂದರು.

ಒಂದು ಮಧ್ಯಾಹ್ನ ದನಿ ಬೇರೆ ಮಾತಾಡಿತು. "ಮನೆಸಾಲ ಬೇಕಿತ್ತು."

ವರ್ನಾಳ ಕೈ ತಾನಾಗಿ ಪೆನ್ನು ಹಿಡಿಯಿತು. ಕೇಳಿದವರ ಅರ್ಜಿ ತೆಗೆದುಕೊಂಡೇ ಅಭ್ಯಾಸ.

"ಹೆಸರು?"

"ಮರೆತೇಬಿಟ್ಯಾ ಚಿನ್ನಾ? ವೇಡ್ ರಸ್ಕ್."

"ಕೊಳ್ಳೋ ಮನೆ ಎಲ್ಲಿದೆ?"

"ನಿನ್ನ ಮನೆ ಪಕ್ಕದ್ದೇ. ನಡುವಿನ ಬೇಲಿ ತುಂಬಾ ಗಿಡ್ಡ ಕಣೇ."

ಮುಂದಿನ ಪ್ರಶ್ನೆ ಯಾವುದೆಂದು ಅವಳಿಗೆ ಬಾಯಿಪಾಠವಿತ್ತು. ಕೇಳಿದಳು. "ಈಗಿನ ವಿಳಾಸ?"

ಅತ್ತ ನಗು. "ನಿಮ್ಮ ಬ್ಯಾಂಕಿನ ಎದುರು ಮೋಟೆಲ್ಲು, ಮೂರನೇ ರೂಮು. ಹಳದಿ ಅಂಗಿ ನಿನಗೆ ಒಪ್ಪುತ್ತೆ."

ಬೀದಿಯಾಚೆಯ ಕಿಟಕಿಯಲ್ಲಿ ಪರದೆ ಒಂದು ಬೆರಳಿನಷ್ಟು ಸರಿದಿತ್ತು.

ವರ್ನಾ ಫೋನಿನ ಬಾಯಿ ಮುಚ್ಚಿಹಿಡಿದು ಮ್ಯಾನೇಜರ್ ಡೆಲ್ಬರ್ಟನನ್ನು ಕರೆದು ಎಲ್ಲ ಹೇಳಿದಳು. ಮುದುಕ ಬೆವೆತುಹೋದ.

"ಅರ್ಜೀಲಿ ಕೊಟ್ಟ ವಿಳಾಸ ಹೊರಗೆ ಹೋಗೋ ಹಾಗಿಲ್ವಲ್ಲಮ್ಮ. ತಡಿ, ಹೆಡ್ ಆಫೀಸಿಗೆ ಒಂದ್ಮಾತು ಕೇಳ್ತೀನಿ. ಇಲ್ಲಾಂದ್ರೆ ನಿನ್ನ ಕೆಲಸಕ್ಕೇ ಸಂಚಕಾರ."

"ಅಷ್ಟರಲ್ಲಿ ನನ್ನ ಹೆಣ ಬೀಳುತ್ತೆ, ಡೆಲ್ಬರ್ಟ್."

ಅವಳು ಫೋನು ಹಿಡಿದೇ, ಗ್ರಾಹಕರು ಸಾಲು ನಿಂತಿದ್ದ ಪಡಸಾಲೆಯ ನಡುವೆ ಬಂದು ನಿಂತಳು. ದನಿ ನಡುಗಲಿಲ್ಲ.

"ಎಲ್ಲರೂ ಕೇಳಿ! ನಾನು ಜನೆಲ್ ರಸ್ಕ್. ನನ್ನ ಕತ್ತು ಹಿಸುಕಿದ ಗಂಡ ವೇಡ್ ರಸ್ಕ್ ಎದುರಿನ ಮೋಟೆಲ್ಲಲ್ಲಿ, ಮೂರನೇ ರೂಮಲ್ಲಿದಾನೆ. ಶೆರಿಫ್‌ಗೆ ಫೋನ್ ಮಾಡಿ!"

ಯಾರೋ ಆಗಲೇ ಮೊಬೈಲು ಕಿವಿಗಿಟ್ಟಿದ್ದರು. ಉಳಿದವರು ಸಾಲು ಬಿಟ್ಟು ಒಬ್ಬೊಬ್ಬರಾಗಿ ಗಾಜಿನ ಬಳಿ ಬಂದು ಆ ಕಿಟಕಿಯನ್ನೇ ನೋಡುತ್ತ ನಿಂತರು.

ಅವಳ ಕೈಯ ಫೋನಿನೊಳಗೆ ವೇಡನ ದನಿ ಸಣ್ಣಗಾಯಿತು.

"ಜನೆಲ್... ಅವರೆಲ್ಲ ಯಾಕೆ ನನ್ನ ನೋಡ್ತಿದಾರೆ?"