ಮೊದಲು ಎತ್ತಿದ್ದು ಗಾಡಿಯನ್ನು

ಅವನು ಬಿದ್ದ ದಿನ ಜನ ಮೊದಲು ಎತ್ತಿದ್ದು ಗಾಡಿಯನ್ನು, ಆಮೇಲೆ ಹಲ್ಲುಗಳನ್ನು, ಕಟ್ಟಕಡೆಗೆ ಅವನನ್ನು. ಈ ಸಂಕಟವನ್ನು ಅವನು ಇವತ್ತಿಗೂ ಬಿಟ್ಟಿಲ್ಲ. ಯಾರಾದರೂ ಮನುಷ್ಯತ್ವದ ಸುದ್ದಿ ಎತ್ತಿದರೆ ಸಾಕು, ಟೀ ಲೋಟ ಕುಕ್ಕಿ ಶುರು ಮಾಡುತ್ತಾನೆ:

"ಮನುಷ್ಯತ್ವ ಅಂತೆ! ಮನುಷ್ಯ ಬಿದ್ದು ಒದ್ದಾಡ್ತಾ ಇದ್ರೆ ಆ ಮೇಸ್ತ್ರಿ ಗಾಡಿ ಎತ್ತಿ ಸ್ಟ್ಯಾಂಡ್ ಹಾಕ್ದ ಕಣ್ರೀ. ಸ್ಟ್ಯಾಂಡು! ಕೈಯಲ್ಲಿ ಬಟ್ಟೆ ಇದ್ದಿದ್ರೆ ಒರೆಸಿಯೂ ಇಡ್ತಿದ್ದ."

ಹಲ್ಲುಗಳೆಂದರೆ ಅವನ ಬಾಯಿಯವಲ್ಲ. ಅವನ ಕೆಲಸವೇ ಹಲ್ಲು ಸಾಗಿಸುವುದು. ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಕಾರ್ಖಾನೆಯೊಂದಿದೆ. ಕಾರ್ಖಾನೆ ಅನ್ನುವುದು ಯಜಮಾನನ ಮಾತು. ಹೋಗಿ ನೋಡಿದರೆ ಎರಡು ಕೋಣೆ, ಒಂದು ನಲ್ಲಿ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಅಲ್ಲಿ ತಯಾರಾದ ಸೆಟ್ಟುಗಳನ್ನು ಹಲ್ಲಿನ ಡಾಕ್ಟರುಗಳ ಬಾಗಿಲಿಗೆ ಬೈಕಿನಲ್ಲಿ ಮುಟ್ಟಿಸುವವನು ಅವನು. ಬೀದಿಯವರು ಅವನಿಗೆ ಇಟ್ಟ ಹೆಸರು ಹಲ್ಲುಗಾಡಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಆಸಾಮಿಯಾದ್ದರಿಂದ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನು ತಿರುಗಿದ ಮೇಲೆ ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಬೇರೆಯವರು ಸಾಮಾನಿನ ಪೆಟ್ಟಿಗೆಯನ್ನು ಸೀಟಿನ ಹಿಂದೆ ಕಟ್ಟುತ್ತಾರೆ. ಇವನು ಮಾತ್ರ ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟುತ್ತಿದ್ದ. ಕೇಳಿದರೆ, "ಹಿಂದೆ ಕುಲುಕುತ್ತೆ. ಮುಂದೆ ಆದ್ರೆ ಕೂಸಿನ ಥರ ಮಡಿಲಲ್ಲಿರುತ್ತೆ" ಅನ್ನುತ್ತಿದ್ದ. ಪೆಟ್ಟಿಗೆಯೊಳಗೆ ಪುಟ್ಟ ಪುಟ್ಟ ಖಾನೆಗಳು. ಒಂದೊಂದರಲ್ಲೂ ಒದ್ದೆ ಹತ್ತಿಯ ಮೇಲೆ ಮಲಗಿದ ಯಾರದೋ ನಗು. ಉಬ್ಬು ಬಂದರೆ ಸಾಕು, ಅವನ ಕಣ್ಣು ರಸ್ತೆ ಬಿಟ್ಟು ಪೆಟ್ಟಿಗೆಗೆ ಹೋಗುತ್ತಿತ್ತು. ವರ್ಷಗಟ್ಟಲೆ ಹಾಗೇ ಓಡಿಸಿದ. ಒಂದು ಹಲ್ಲೂ ಅಲುಗಾಡಲಿಲ್ಲ. ಅದೇ ಅವನ ತಲೆಗೇರಿತ್ತು.

ಬಿದ್ದ ದಿನ ಪೆಟ್ಟಿಗೆಯಲ್ಲಿ ಒಂದು ಸೆಟ್ಟು ಜಾಸ್ತಿ ಇತ್ತು. ಅದು ಅವನ ಅತ್ತೆಯದು, ಅಂದರೆ ಹೆಂಡತಿಯ ತಾಯಿಯದು. ಮುದುಕಿ ಇವರ ಮನೆಯಲ್ಲೇ ಇದ್ದಳು. ಬಾಯಲ್ಲಿ ಹಲ್ಲಿಲ್ಲದಿದ್ದರೂ ನಾಲಿಗೆಗೆ ಬಡತನವಿರಲಿಲ್ಲ. ಅವಳು ಬೈದರೆ ಅರ್ಧ ಬೈಗುಳ ಗಾಳಿಯಾಗಿ ಹೋಗುತ್ತಿತ್ತು. ಬುದ್ಧಿವಂತ ಅಳಿಯನಾಗಿದ್ದರೆ ದೇವರು ಕೊಟ್ಟ ಆ ಸೌಕರ್ಯವನ್ನು ಹಾಗೇ ಬಿಡುತ್ತಿದ್ದ. ಇವನಿಗೆ ಊರವರ ಬಾಯಿಗೆಲ್ಲ ಹಲ್ಲು ಹೊತ್ತು ತನ್ನ ಮನೆಯಲ್ಲೇ ಬೋಳುಬಾಯಿ ಇಟ್ಟುಕೊಂಡಿರುವುದು ಮರ್ಯಾದೆಯ ಪ್ರಶ್ನೆಯಾಯಿತು. ಯಜಮಾನನನ್ನು ಕಾಡಿ ಬೇಡಿ ಮಾಡಿಸಿದ. ಆವತ್ತು ಖಾನೆಗಳೆಲ್ಲ ಭರ್ತಿ. ಅತ್ತೆಯ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಎಲ್ಲದರ ಮೇಲಿಟ್ಟು ಮುಚ್ಚಳ ಅದುಮಿದ. ಚಿಲಕ ಪೂರ್ತಿ ಕೂರಲಿಲ್ಲ. "ನಡೆಯುತ್ತೆ ಬಿಡು" ಅಂದುಕೊಂಡ.

ನಡೆಯಲಿಲ್ಲ. ಒಂದು ಮನೆಯ ಕಾಂಪೌಂಡ್ ಗೋಡೆ ಏಳುತ್ತಿದ್ದ ತಿರುವಿನಲ್ಲಿ, ಉಬ್ಬು ದಾಟಿದ ಕೂಡಲೇ ಮುಚ್ಚಳ ಹಾರಿತು. ಅವನ ಬಲಗೈ ಬ್ರೇಕು ಬಿಟ್ಟು ಮುಚ್ಚಳ ಹಿಡಿಯಿತು. ಇನ್ನೊಬ್ಬನಾಗಿದ್ದರೆ ಹಲ್ಲು ಹೋದರೆ ಹೋಗಲಿ ಎಂದು ಹ್ಯಾಂಡಲ್ ಹಿಡಿಯುತ್ತಿದ್ದ. ಇವನು ಹಲ್ಲು ಹಿಡಿದ. ಗಾಡಿ ಮಲಗಿತು, ಅವನು ಗಾಡಿಯ ಕೆಳಗೆ ಮಲಗಿದ, ಹಲ್ಲುಗಳು ರಸ್ತೆಯುದ್ದಕ್ಕೂ ನಗುತ್ತಾ ಚೆಲ್ಲಾಪಿಲ್ಲಿಯಾದವು.

ಗೋಡೆ ಕಟ್ಟುತ್ತಿದ್ದ ಮೇಸ್ತ್ರಿ ಕರಣೆ ಬಿಸಾಡಿ ಓಡಿಬಂದ. ಸುತ್ತ ಸೇರಿದವರಲ್ಲಿ ಒಬ್ಬಳು, "ಅಯ್ಯೋ ಪಾಪ, ಒಂದೇ ಬಾಯಲ್ಲಿ ಇಷ್ಟೊಂದು ಹಲ್ಲಿತ್ತಾ?" ಅಂದಳು. ಅಷ್ಟು ನೋವಿನಲ್ಲೂ ಇವನು ಹುಡುಕಿದ್ದು ಕರವಸ್ತ್ರವನ್ನೇ. ಅದರ ಮೇಲೆ ಆಗಲೇ ಒಂದು ಬಸ್ಸು ಹತ್ತಿ ಹೋಗಿತ್ತು. "ಹಲ್ಲು, ಹಲ್ಲು" ಎಂದು ಇವನು ಅರಚಿದ್ದಕ್ಕೆ ಮೇಸ್ತ್ರಿ ಉಳಿದವನ್ನೆಲ್ಲ ಗಾರೆ ಬಾಂಡ್ಲಿಯಲ್ಲಿ ಆಯ್ದು, ತನ್ನ ಬಕೆಟ್ಟಿನ ನೀರಲ್ಲಿ ತೊಳೆದು, ಬಾಡಿಗೆ ಗಾಡಿ ಕರೆಸಿ, ಇವನನ್ನೂ ಬಾಂಡ್ಲಿಯನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಮನೆಯವರು ಬರುವ ತನಕ ಬೆಂಚಿನ ಮೇಲೆ ಕೂತಿದ್ದ.

ಭುಜದ ಎಲುಬು ಮುರಿದಿತ್ತು, ಮೊಣಕಾಲು ಊದಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವನದು. ಹೆಂಡತಿ "ಹೇಗಾಯ್ತು ರೀ?" ಎಂದು ಅತ್ತಾಗ ಅವನ ಬಾಯಿಗೆ ಬಂದದ್ದು ಒಂದೇ ಮಾತು.

"ಜಲ್ಲಿ! ಆ ಮೇಸ್ತ್ರಿ ರಸ್ತೆ ತುಂಬ ಜಲ್ಲಿ ಚೆಲ್ಲಿದ್ದ."

ಹೆಂಡತಿ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಕೊಳೆ ಕಂಡರೆ ಬಿಡುವವಳಲ್ಲ. ಮಾರನೆಯ ದಿನವೇ ತಿರುವಿಗೆ ಹೋಗಿ ಮೇಸ್ತ್ರಿಯನ್ನು ಝಾಡಿಸಿದಳು. ಅವನು ತಲೆ ಕೆರೆದುಕೊಂಡು, "ಅಮ್ಮಾ, ನಂದು ಇಟ್ಟಿಗೆ ಕೆಲಸ. ಜಲ್ಲಿ ತರಿಸೇ ಇಲ್ಲ" ಅಂದ. "ಹಾಗಾದ್ರೆ ನನ್ ಗಂಡ ಏನು ಸುಳ್ಳು ಹೇಳ್ತಾರಾ?" ಎಂದು ಕೇಳಿದಳು. ಹೆಂಗಸೊಬ್ಬಳು ಹಾಗೆ ಕೇಳಿದರೆ ಹೌದು ಅನ್ನುವುದು ಸಭ್ಯರ ಕೆಲಸವಲ್ಲ. ಮೇಸ್ತ್ರಿ ಕರಣೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿದ.

ಎಲುಬು ಕೂಡಿತು. ಗಾಡಿಯೂ ರಿಪೇರಿಯಾಗಿ ಬಂತು. ಕೂಡದೆ ಉಳಿದದ್ದು ಒಂದೇ. ಸೀಟಿನ ಮೇಲೆ ಕೂತು ಕಿಕ್ ಹೊಡೆಯಲು ಹೋದರೆ ಕಾಲು ಏಳುತ್ತಿರಲಿಲ್ಲ, ಅಂಗೈ ಒದ್ದೆಯಾಗುತ್ತಿತ್ತು, ಕಿವಿಯಲ್ಲಿ ಹಲ್ಲುಗಳು ಉರುಳುವ ಸದ್ದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಅವನು ಇಳಿಜಾರಿನ ಕೊನೆಯಲ್ಲಿದ್ದ ಮೆಕ್ಯಾನಿಕ್ಕಿನ ಪ್ರಾಣ ತಿನ್ನತೊಡಗಿದ. ಇವತ್ತು ಚೈನು ಸರಿಯಿಲ್ಲ, ನಾಳೆ ಪ್ಲಗ್ಗು, ನಾಡಿದ್ದು ಮುಂದಿನ ಚಕ್ರ ಅಳ್ಳಾಡುತ್ತೆ.

"ಅಣ್ಣಾ, ಈ ಗಾಡಿಗೆ ಯಾವ ಕಾಯಿಲೆಯೂ ಇಲ್ಲ" ಅಂದ ಮೆಕ್ಯಾನಿಕ್.

"ಹಾಗಾದ್ರೆ ಯಾರಿಗಿದೆ, ನಂಗಾ?"

ಮೆಕ್ಯಾನಿಕ್ ಸ್ಪ್ಯಾನರ್ ಒರೆಸಿದ. ಆ ಒರೆಸಾಟ ನೋಡಿ ಇವನಿಗೆ ಮೈಯೆಲ್ಲ ಉರಿಯಿತು.

ಕಾರ್ಖಾನೆಯಲ್ಲಿ ಅವನು ಹೇಳಿದ್ದು, ಡಾಕ್ಟರು ಇನ್ನೂ ಗಾಡಿ ಓಡಿಸಬೇಡ ಅಂದಿದ್ದಾರೆ ಅಂತ. ಮನೆಯಲ್ಲಿ ಹೇಳಿದ್ದು, ಕಟ್ಟು ಬಿಚ್ಚಿದ ದಿನದಿಂದಲೇ ಓಡಿಸುತ್ತಿದ್ದೇನೆ ಅಂತ. ಎರಡು ಸುಳ್ಳನ್ನೂ ಒಟ್ಟಿಗೆ ಸಾಕುವುದು ಎರಡು ಹೆಂಡಿರನ್ನು ಸಾಕಿದ ಹಾಗೆ. ಒಬ್ಬಳಿಗೆ ಇನ್ನೊಬ್ಬಳು ಕಾಣಬಾರದು. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು, ಗಾಡಿಯನ್ನು ಗೇಟಿನಿಂದ ಹೊರಗೆ ತಂದು, ಇಳಿಜಾರಿನಲ್ಲಿ ಪಕ್ಕದಲ್ಲೇ ನಡೆದು, ಮೆಕ್ಯಾನಿಕ್ ಅಂಗಡಿಯ ಮುಂದೆ ನಿಲ್ಲಿಸಿ ಬಸ್ಸು ಹತ್ತುತ್ತಿದ್ದ. ಸಂಜೆ ಬಸ್ಸಿಳಿದು, ಅದೇ ದಿಬ್ಬದ ಮೇಲೆ ಎತ್ತಿನ ಹಾಗೆ ಬೆವರು ಸುರಿಸುತ್ತಾ ತಳ್ಳಿಕೊಂಡು ಬರುತ್ತಿದ್ದ. ಹೆಂಡತಿ ಬೆಳಿಗ್ಗೆ ಬೇಗ ಹೋಗಿ ತಡವಾಗಿ ಬರುವವಳಾದ್ದರಿಂದ ಬಚಾವಾದ. ಆದರೆ ಕಿಟಕಿಯಲ್ಲಿ ಅತ್ತೆ ಇದ್ದಳು.

"ಏನಪ್ಪಾ, ಗಾಡಿ ಮೌನವ್ರತ ಹಿಡಿದಿದೆಯಾ?"

"ಇಳಿಜಾರಲ್ವಾ ಅತ್ತೆ, ಪೆಟ್ರೋಲ್ ಉಳಿಸ್ತೀನಿ."

"ಸಾಯಂಕಾಲ ಹತ್ತಿಸ್ಕೊಂಡು ಬರುವಾಗ ಏನು ಉಳಿಸ್ತೀಯ? ಅಥವಾ ಪಾಪ, ಅದಕ್ಕೆ ವಾಕಿಂಗ್ ಮಾಡಿಸ್ತಾ ಇದೀಯೋ?"

ಅವನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ. ಗಾಜಿನ ಹಿಂದೆ ಮುಖ ಕೆಂಪಾದರೆ ಕಾಣುವುದಿಲ್ಲ, ಅಷ್ಟರ ಮಟ್ಟಿಗೆ ಹೆಲ್ಮೆಟ್ಟು ರಕ್ಷಣೆಯೇ ಸರಿ.

ಕಾರ್ಖಾನೆಯಲ್ಲಿ ಅವನನ್ನು ಪಾಲಿಶ್ ಚಕ್ರದ ಮುಂದೆ ಕೂರಿಸಿದ್ದರು. ಗಾಳಿ ಬೆಳಕಿಲ್ಲದ ಮೂಲೆ. ದಿನವಿಡೀ ಯಾರದೋ ದವಡೆಯನ್ನು ಉಜ್ಜುತ್ತಾ, ಧೂಳು ನುಂಗುತ್ತಾ, ಗೋಡೆಗೆ ಮುಖ ಮಾಡಿ ಕೂರುವ ಕೆಲಸ. ರಸ್ತೆಯಲ್ಲಿ ಸಿಗ್ನಲ್ಲುಗಳಿಗೆ ಬೈದು, ಬಸ್ಸುಗಳಿಗೆ ಬೈದು, ಎಲ್ಲ ಕೋಪವನ್ನೂ ಗಾಳಿಗೆ ಬಿಟ್ಟು ಮನೆಗೆ ಮನುಷ್ಯನಾಗಿ ಬರುತ್ತಿದ್ದವನು ಇವನು. ಈಗ ಬೈಯಲು ಗೋಡೆ ಬಿಟ್ಟರೆ ಯಾರೂ ಇಲ್ಲ. ರಸ್ತೆಯ ಕೆಲಸ ಯಜಮಾನನ ಅಕ್ಕನ ಮಗನ ಪಾಲಾಗಿತ್ತು. ಅವನು ಒಬ್ಬರ ಮೇಲ್ದವಡೆಯನ್ನು ಇನ್ನೊಬ್ಬರ ಕೆಳದವಡೆಯ ಜೊತೆ ಕೊಟ್ಟು ಬಂದರೂ, ಬಂಧುತ್ವದಲ್ಲಿ ತಪ್ಪು ಕಾಣುವುದಿಲ್ಲವಲ್ಲ.

ಒಂದು ಮಧ್ಯಾಹ್ನ ಯಜಮಾನ ಬಂದು ಪಕ್ಕದಲ್ಲಿ ನಿಂತ.

"ಈ ವಾರ ಕಳೆಯೋದ್ರೊಳಗೆ ಒಂದು ಹೇಳ್ಬಿಡು ಮಾರಾಯ. ಗಾಡಿ ಹತ್ತೀಯಾ, ಸರಿ. ಇಲ್ಲಾಂದ್ರೆ ಅವನೇ ಖಾಯಂ, ನೀನು ಇಲ್ಲೇ ಖಾಯಂ. ನೆರಳಲ್ಲಿ ಆರಾಮಾಗಿರು."

"ನೆರಳಲ್ಲಿ ಇರೋಕೆ ನಾನೇನು ಉಪ್ಪಿನಕಾಯಾ?" ಎಂದು ಸಿಡಿದ. ಆದರೆ ಹತ್ತುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಕೈಯಲ್ಲಿ ಆಗ ಇದ್ದದ್ದು ಅತ್ತೆಯ ಹೊಸ ಸೆಟ್ಟು. ಎರಡನೇ ಸಲ ಮಾಡಿಸಿದ್ದು. ಈ ಸಲ ಉಜ್ಜಿದ್ದು ಅವನೇ. ಸಿಟ್ಟಿಗೆ ಉಜ್ಜಿ ಉಜ್ಜಿ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಸಂಜೆ ಅದನ್ನು ಮನೆಗೆ ತಂದ. ಡಾಕ್ಟರ ಹತ್ತಿರ ಹೋಗಿ ಬಾಯಿಗೆ ಕೂರಿಸಿಕೊಂಡು ಬರಬೇಕು. ಬೆಳಿಗ್ಗೆ ಅವನು ಗಾಡಿ ಹೊರಗೆ ತರುವಷ್ಟರಲ್ಲಿ ಅತ್ತೆ ಮಗಳ ಹೆಲ್ಮೆಟ್ ತಲೆಗೆ ಹೇರಿಕೊಂಡು ಗೇಟಿನಲ್ಲಿ ನಿಂತಿದ್ದಳು. ಎರಡು ಚಕ್ರದ ಮೇಲೆ ಕೂರುವುದೂ ಒಂದೇ, ಬೀಳುವುದನ್ನು ಮುಂಗಡ ಒಪ್ಪಿಕೊಳ್ಳುವುದೂ ಒಂದೇ ಎಂದು ಜನ್ಮವಿಡೀ ಹೇಳಿಕೊಂಡು ಬಂದವಳು.

"ಬಸ್ಸಲ್ಲಿ ಹೋಗೋಣ ಅತ್ತೆ. ನಿಮಗೆ ಸುಲಭ."

"ಯಾಕೆ? ದಿನಾ ಓಡಿಸ್ತೀಯಲ್ಲ?"

ಅಡಕತ್ತರಿಗೆ ಸಿಕ್ಕ ಅಡಿಕೆಯ ಸ್ಥಿತಿ. ಇಲ್ಲ ಎಂದರೆ ಇಷ್ಟು ದಿನ ತಳ್ಳಿದ ಗಾಡಿಯ ಕಥೆ ಬೀದಿಗೆ ಬೀಳುತ್ತೆ; ಹೌದು ಎಂದರೆ ಹತ್ತಬೇಕು. ಅವನು ಹಲ್ಲಿನ ಡಬ್ಬಿಯನ್ನು ಟ್ಯಾಂಕಿನ ಮೇಲಿನ ಪೆಟ್ಟಿಗೆಯಲ್ಲಿ ಇಡಲು ಹೋದ. ಅತ್ತೆ ಕಿತ್ತುಕೊಂಡಳು.

"ಡಬ್ಬಿ ನನ್ ಮಡಿಲಲ್ಲಿರುತ್ತೆ. ನಿಂಗೆ ಎರಡು ಕೈ ಇದಾವಲ್ಲ, ಎರಡನ್ನೂ ಗಾಡಿಗೇ ಇಟ್ಕೋ."

ಅವನು ತಿರುಗಿ ನೋಡಿದ. ಮುದುಕಿ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದಳು: "ಆಸ್ಪತ್ರೇಲಿ ಸೂಜಿ ಚುಚ್ಚಿದ್ಮೇಲೆ ರಾತ್ರಿಯೆಲ್ಲಾ ಬಡಬಡಿಸ್ದೆ. ಬ್ರೇಕ್ ಬಿಟ್ಟೆ, ಮುಚ್ಚಳ ಹಿಡಿದೆ, ಅತ್ತೆ ಹಲ್ಲು ಅಂತ. ಜಲ್ಲಿ ಸುದ್ದಿ ಒಂದ್ಸಲಾನೂ ಬರ್ಲಿಲ್ಲ. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ ಬಿಡು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹಲ್ಲಿಲ್ದೆ ಹೇಳಿದ್ರೆ ನಿಂಗೆ ಅರ್ಥ ಆಗ್ತಿತ್ತಾ? ಹತ್ತು, ಹತ್ತು."

ಹತ್ತಿದ. ಹಿಂದೆ ಕೂತವಳ ಭಾರಕ್ಕೆ ಗಾಡಿ ಒಂದಿಷ್ಟು ತಗ್ಗಿತು. ಕಿಕ್ ಹೊಡೆಯಲು ಕಾಲು ಏಳಲಿಲ್ಲ. ಎದುರು ಮನೆಯ ಕಿಟಕಿ ತೆರೆಯಿತು. ಅತ್ತೆ ಬೀದಿಗೆಲ್ಲ ಕೇಳುವ ಹಾಗೆ, "ನಿಧಾನ ಕಣಪ್ಪಾ, ನಂಗೆ ಭಯ. ನಾನು ಸರಿಯಾಗಿ ಕೂರೋ ತನಕ ತಡಿ" ಅಂದಳು. ಅವಳು ಆಗಲೇ ಸರಿಯಾಗಿ ಕೂತಿದ್ದಳು. ಅವನು ತಡೆದ. ಉಸಿರು ಎಳೆದುಕೊಂಡ. ಕಾಲು ಯಾವಾಗ ಎದ್ದಿತೋ, ಗಾಡಿ ಗುಡುಗಿತು.

ಇಳಿಜಾರಿನಲ್ಲಿ ಬಸವನ ಹುಳುವಿನ ಹಾಗೆ ಇಳಿದರು. ಮೆಕ್ಯಾನಿಕ್ ಬಾಯಿ ತೆರೆದುಕೊಂಡು ನೋಡಿದ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ. "ಏಯ್, ಕಣ್ಣು ಕಾಣಲ್ವಾ!" ಎಂದು ಇವನು ಕೂಗಿದ. ಎಷ್ಟೋ ದಿನದ ಮೇಲೆ ರಸ್ತೆಗೆ ಹಾಕಿದ ಮೊದಲ ಬೈಗುಳ. ಎದೆ ಸ್ವಲ್ಪ ಹಗುರಾಯಿತು. ಸೊಂಟದ ಎರಡೂ ಕಡೆ ಮುದುಕಿಯ ಉಗುರುಗಳು ಕಚ್ಚಿಕೊಂಡಿದ್ದವು. ಭಯ ಇಲ್ಲದವಳ ಉಗುರು ಹಾಗೆ ಕಚ್ಚುವುದಿಲ್ಲ.

ತಿರುವು ಬಂತು. ಗೋಡೆ ಎದೆಮಟ್ಟ ಎದ್ದಿತ್ತು. ಅದರ ಮುಂದೆ ಮೇಸ್ತ್ರಿ ಪೊರಕೆ ಹಿಡಿದು ರಸ್ತೆ ಗುಡಿಸುತ್ತಿದ್ದ. ಇವನ ಹೆಂಡತಿ ಬೈದು ಹೋದ ದಿನದಿಂದ, ಇಲ್ಲದ ಜಲ್ಲಿಯನ್ನು ಬೆಳಿಗ್ಗೆ ಬೆಳಿಗ್ಗೆ ಗುಡಿಸುವುದು ಅವನಿಗೆ ರೂಢಿಯಾಗಿತ್ತು. ಇನ್ನೊಬ್ಬ ಬಿದ್ದು ಇನ್ನೊಬ್ಬಳು ಬೈಯಲು ಬರಬಾರದಲ್ಲ.

ಗಾಡಿ ಓಲಾಡಿತು. ಹಿಂದಿನಿಂದ ಅತ್ತೆ ಗಟ್ಟಿಯಾಗಿ ಅಂದಳು: "ಇಲ್ಲೇ ಅಲ್ವಾ ಜಲ್ಲಿ ಇದ್ದಿದ್ದು? ನೋಡ್ಕೊಂಡು ತಿರುಗಿಸು."

ಎಲ್ಲ ಗೊತ್ತಿದ್ದವಳು ಅವನ ಸುಳ್ಳಿಗೆ ಸಾಕ್ಷಿ ನಿಂತಿದ್ದಳು. ಅವನು ಇಲ್ಲದ ಜಲ್ಲಿಯನ್ನು ನೋಡಿಕೊಂಡು, ಎರಡೂ ಕೈ ಗಾಡಿಗಿಟ್ಟು ತಿರುಗಿಸಿದ. ತಿರುವು ಹಿಂದೆ ಹೋಯಿತು. ಮೇಸ್ತ್ರಿ ಪೊರಕೆ ಎತ್ತಿ, ಗುರುತು ಹಿಡಿದು ನಕ್ಕ. ಅವನಿಗೆ ಕೈ ಎತ್ತಿದ್ದು ಅತ್ತೆ. ಒಂದು ಗಳಿಗೆ ಅವಳ ಉಗುರು ಸೊಂಟ ಬಿಟ್ಟಿದ್ದು ಅಲ್ಲಿ ಮಾತ್ರ.

ಡಾಕ್ಟರು ಹಲ್ಲು ಕೂರಿಸಿ, ಕಚ್ಚಿಸಿ, ಕನ್ನಡಿ ಹಿಡಿದರು. ಮುದುಕಿ ಕನ್ನಡಿ ಪಕ್ಕಕ್ಕೆ ಸರಿಸಿ ಅಳಿಯನನ್ನು ನೋಡಿದಳು. ಹೊಸ ಹಲ್ಲಿನಿಂದ ಬಂದ ಮೊದಲ ಮಾತಿನಲ್ಲಿ ಒಂದಕ್ಷರವೂ ಗಾಳಿಗೆ ಹೋಗಲಿಲ್ಲ.

"ಗಾಡಿ ನಿನ್ ಮೇಲೆ ಬಿದ್ದಿತ್ತು. ಮೊದಲು ಅದನ್ನೆತ್ತದೆ ನಿನ್ನ ಹೇಗೆ ಎತ್ತೋದು, ಗಾಡಿ ಸಮೇತ ಹೊರೋದಾ? ಹೋಗ್ತಾ ನಿಂತು ಆ ಮೇಸ್ತ್ರಿಗೆ ಒಂದು ಮಾತು ಹೇಳು. ಮಧ್ಯೆ ನಾನಿರಲ್ಲ, ಬಸ್ಸಲ್ಲಿ ಮನೆಗೆ ಹೋಗ್ತೀನಿ."

"ಹೇಳ್ತೀನಿ" ಅಂದ.

ಅಲ್ಲಿಂದ ಒಬ್ಬನೇ ಕಾರ್ಖಾನೆಗೆ ಹೊರಟ. ತಿರುವಿನಲ್ಲಿ ಮೇಸ್ತ್ರಿ ಇಟ್ಟಿಗೆ ಇಡುತ್ತಿದ್ದ. ಗಾಡಿ ತನ್ನಷ್ಟಕ್ಕೆ ನಿಧಾನವಾಯಿತು. ಏನೆಂದು ಶುರುಮಾಡುವುದು? ಜಲ್ಲಿ ಇರಲಿಲ್ಲ ಎಂದರೆ ಹೆಂಡತಿಯ ಬೈಗುಳ ಸುಳ್ಳಾಗುತ್ತೆ. ಬೈಗುಳ ಸುಳ್ಳಾದರೆ ಮನೆಯಲ್ಲಿ ಹೊಸದು ನಿಜವಾಗುತ್ತೆ. ನಾಳೆ ಹೇಳಿದರಾಯಿತು. ಹಾರ್ನ್ ಒತ್ತಿ ಮುಂದೆ ಹೋದ. ಕಾರ್ಖಾನೆಯಲ್ಲಿ ಯಾರ ಮುಖವನ್ನೂ ನೋಡದೆ ಪಾಲಿಶ್ ಚಕ್ರದ ಸ್ವಿಚ್ಚು ಆರಿಸಿ, ಅಕ್ಕನ ಮಗನ ಕೈಯಿಂದ ಸೆಟ್ಟುಗಳನ್ನು ಕಸಿದುಕೊಂಡ. ಪೆಟ್ಟಿಗೆಯನ್ನು ಮಾತ್ರ ಹಿಂದೆ ಕಟ್ಟಿದ. "ಕುಲುಕಲ್ವಾ?" ಎಂದ ಯಜಮಾನ. "ಕುಲುಕ್ಲಿ" ಅಂದ.

ಅತ್ತೆ ಮತ್ತೆಂದೂ ಗಾಡಿ ಹತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ, "ಹೇಳಿದ್ಯಾ?" "ನಾಳೆ ಅತ್ತೆ." ದಿನಾ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದ್ದ. ಮೇಸ್ತ್ರಿ ಅದನ್ನು ನಮಸ್ಕಾರ ಎಂದುಕೊಂಡು ಕರಣೆ ಎತ್ತುತ್ತಿದ್ದ. ಗೋಡೆ ತಲೆ ದಾಟಿತು, ಗಾರೆಯಾಯಿತು, ಬಣ್ಣವಾಯಿತು. ಒಂದು ಬೆಳಿಗ್ಗೆ ನೋಡಿದರೆ ಮೇಸ್ತ್ರಿ ಇಲ್ಲ. ಗೋಡೆಗೆ ಒರಗಿಸಿಟ್ಟ ಪೊರಕೆ ಮಾತ್ರ ಇತ್ತು. ಎಲ್ಲಿ ಹೋದ ಎಂದು ಅವನು ಯಾರನ್ನೂ ಕೇಳಲಿಲ್ಲ.

ಟೀ ಅಂಗಡಿಯಲ್ಲಿ ಈಗಲೂ ಲೋಟ ಕುಕ್ಕಿ ಗಾಡಿಯ ಸ್ಟ್ಯಾಂಡಿನ ಕಥೆ ಹೇಳುತ್ತಾನೆ. ಆ ತಿರುವಿಗೆ ಬಂದಾಗ ಮಾತ್ರ, ಎದುರಿಗೆ ಯಾರೂ ಇಲ್ಲದಿದ್ದರೂ, ಹೆಬ್ಬೆರಳು ತಾನಾಗಿ ಹಾರ್ನ್ ಒತ್ತುತ್ತದೆ. ಗೋಡೆಯ ಹಿಂದಿನ ಮನೆಯವರು ಯಾವ ತಲೆಕೆಟ್ಟವನಿವನು ಎಂದು ಬೈದುಕೊಳ್ಳುತ್ತಾರೆ.