ನಾನು ಅಳಿಸಿಹಾಕಿದ್ದ ಗಾಯ

ಹೋದ ವರ್ಷ ದೀಪಾವಳಿ ಮುಗಿದು ಎರಡು ವಾರವಾಗಿರಬೇಕು. ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿರುವ ನಮ್ಮ ಮನೆಯ ಬಾಗಿಲಿಗೆ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಮುಖ ನೋಡಿದ ಕೂಡಲೇ ಗುರುತು ಹತ್ತಿತು. ಎರಡು ವರ್ಷದ ಹಿಂದೆ ಗದ್ವಾಲದಲ್ಲಿ ಅವಳ ಮದುವೆಯ ಫೋಟೋ ತೆಗೆದವಳು ನಾನೇ. ಹೆಸರು ರೇಣುಕಾ, ಕೆ.ಟಿ. ದೊಡ್ಡಿ ಎಂಬ ಊರಿಗೆ ಕೊಟ್ಟಿದ್ದರು.

"ಅಕ್ಕಾ, ನಮ್ಮಪ್ಪ ತೀರ್ಕೊಂಡ್ರು. ನಾಡದು ಹನ್ನೊಂದನೇ ದಿನದ ಕಾರ್ಯ ಐತಿ. ಮನ್ಯಾಗ ಇಡಾಕ ದೊಡ್ಡದೊಂದು ಫೋಟೋ ಮಾಡಿ ಕೊಡ್ರಿ" ಎಂದಳು.

ನಾನು ಫೋಟೋಗ್ರಾಫರ್. ಸ್ವಂತ ಸ್ಟುಡಿಯೋ ಇಲ್ಲ, ಯಾರ ಕೈಕೆಳಗೂ ಇಲ್ಲ. ಕ್ಯಾಮೆರಾ ಬ್ಯಾಗು, ಸ್ಕೂಟಿ, ಒಂದು ಲ್ಯಾಪ್‌ಟಾಪು, ಇಷ್ಟೇ ನನ್ನ ಅಂಗಡಿ. ನಾರಾಯಣಪೇಟೆಯ ಸೀರೆ ಅಂಗಡಿಗಳ ಹೊಸ ಸೀರೆ, ಗದ್ವಾಲದ ಮದುವೆ, ಮರಿಕಲ್‌ನ ಹುಡುಗಿಯರಿಗೆ ಮೊದಲ ದಾವಣಿ ಉಡಿಸುವ ಓಣಿ ಫಂಕ್ಷನ್, ಚುನಾವಣೆ ಬಂದರೆ ಲೀಡರುಗಳ ಮೆರವಣಿಗೆ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಕೆಲಸವಿಲ್ಲದ ದಿನ ಸುಮ್ಮನೆ ಬಸ್ ಸ್ಟ್ಯಾಂಡು, ಸಂತೆ, ಹಳೆಯ ಗಲ್ಲಿಗಳಲ್ಲಿ ತಿರುಗಿ ಜನರನ್ನು ತೆಗೆಯುವುದು ನನ್ನ ಹುಚ್ಚು. ಹೆಂಗಸು ಈ ಕೆಲಸಕ್ಕೆ ಇಳಿದಳಲ್ಲ ಎಂದು ಮೂಗು ಮುರಿದವರು ಬಹಳ ಮಂದಿ. ಅವರ ಮುಂದೆ ಗೆಲ್ಲಬೇಕೆಂದು ನಾನೊಂದು ಹಟ ಹಿಡಿದಿದ್ದೆ. ನನ್ನ ಆಲ್ಬಮ್‌ನಲ್ಲಿ ಯಾರ ಮುಖವೂ ಕೆಟ್ಟದಾಗಿ ಕಾಣಬಾರದು. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಕೂತು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದೆ. ಆಲ್ಬಮ್ ಅವರ ಕೈಗೆ ಕೊಟ್ಟ ಮೇಲೆ ತಿದ್ದಿದ ಫೋಟೋಗಳನ್ನು ಮಾತ್ರ ಇಟ್ಟುಕೊಂಡು ಮೂಲದವನ್ನು ಅಳಿಸಿಬಿಡುತ್ತಿದ್ದೆ. ಒಂದೊಂದು ಮದುವೆಗೆ ಸಾವಿರಾರು ಫೋಟೋ, ಎಲ್ಲ ಎಲ್ಲಿ ಇಡುವುದು ಎಂಬುದು ನನ್ನ ಲೆಕ್ಕಾಚಾರ.

ರೇಣುಕಾಳ ತಂದೆ ಮಲ್ಲಪ್ಪನವರು ಕುರಿ ಕಾಯುವವರು. ಮದುವೆಯ ಫೋಟೋಗಳಲ್ಲಿ ಕೆಂಪು ರುಮಾಲು ಸುತ್ತಿಕೊಂಡು ಕೂತಿದ್ದ ಒಂದನ್ನು ಆರಿಸಿದೆ. ಹಿಂದಿನ ಜನರನ್ನು ತೆಗೆದು ತಿಳಿನೀಲಿ ಬಣ್ಣ ಹಾಕಿದೆ. ರೇಣುಕಾ ನೋಡಿ, "ಅಪ್ಪ ಚಲೋ ಕಾಣ್ತಾರ್ರೀ" ಎಂದು ಕಣ್ಣೊರೆಸಿಕೊಂಡಳು. ಮರಿಕಲ್ ಹತ್ತಿರದ ಅವಳ ತವರೂರಿಗೆ ಮಾರನೆಯ ದಿನ ನಾನೇ ತಂದುಕೊಡುತ್ತೇನೆಂದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅವರ ಮನೆಯಲ್ಲಿದ್ದೆ. ಪಡಸಾಲೆಯಲ್ಲಿ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಮಲ್ಲಪ್ಪನವರ ಹೆಂಡತಿ ಸಾಬಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಫ್ರೇಮಿಗೆ ಸುತ್ತಿದ್ದ ಪೇಪರ್ ಬಿಚ್ಚಿ ಅವರ ತೊಡೆಯ ಮೇಲೆ ಇಟ್ಟೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವ್ರು ಯಾರವ್ವಾ?" ಎಂದರು.

ದುಃಖದಲ್ಲಿ ಹಾಗಾಗುತ್ತದೆ ಅಂದುಕೊಂಡೆ. "ನಿಮ್ಮ ಯಜಮಾನ್ರೇ ಅಲ್ಲೇನ್ರಿ ಅಮ್ಮಾ, ಮಗಳ ಮದುವ್ಯಾಗ ತೆಗ್ದಿದ್ದು."

"ರುಮಾಲ ಅವ್ರದೇ. ಮಾರಿ ಅವ್ರದಲ್ಲ. ಎಡಗಲ್ಲದ ಮ್ಯಾಲಿನ ಗಾಯ ಎಲ್ಲೈತಿ?"

ಆಗ ನನಗೆ ನೆನಪಾಯಿತು. ಮಲ್ಲಪ್ಪನವರ ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ ಆಳವಾದ ಗಾಯದ ಗುರುತಿತ್ತು. ಅದು ಎಳೆದುಕೊಂಡು ಆ ಕಣ್ಣು ಸ್ವಲ್ಪ ಸಣ್ಣದಾಗಿ ಕಾಣುತ್ತಿತ್ತು. ಮದುವೆಯ ಆಲ್ಬಮ್ ಮಾಡುವಾಗ, ಆ ಗಾಯ ತುಸು ಕಂಡ ಕಡೆಯೂ ನಾನು ಬಲಗೆನ್ನೆ, ಬಲಗಣ್ಣುಗಳನ್ನೇ ತಿರುಗಿಸಿ ಎಡಕ್ಕೆ ಅಂಟಿಸಿದ್ದೆ. ಗೊತ್ತೇ ಆಗದ ಹಾಗೆ ಮಾಡಿದ್ದೇನೆಂದು ಬೀಗಿದ್ದೆ ಕೂಡ. ಆಲ್ಬಮ್ ಮಗಳ ಜೊತೆ ಗಂಡನ ಮನೆಗೆ ಹೋಯಿತು. ರೇಣುಕಾಳಿಗೆ ಅದನ್ನೇ ನೋಡಿ ನೋಡಿ ರೂಢಿಯಾಗಿತ್ತು. ಸಾಬಮ್ಮ ಅದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಮಲ್ಲಪ್ಪನವರ ಅಣ್ಣ ಅಲ್ಲೇ ಇದ್ದರು. "ಇರ್ಲಿ ಬಿಡವ್ವಾ. ಮಾರಿ ಕಳಿಕಳಿ ಐತಿ. ಪೂಜಿಗೆ ನಡೀತೈತಿ" ಎಂದರು.

"ನಡಿಯಂಗಿಲ್ರಿ ಭಾವಾ. ನಮ್ಮ ಮದುವಿ ಆದ ವರ್ಷ ಟಗರು ಹಾಯ್ದು ಆದ ಗಾಯ ಅದು. ಮೂರು ತಿಂಗಳ ನಾನೇ ಅರಿಶಿಣ ಹಚ್ಚೀನಿ. ಯಾರೋ ಪರರ ಮಾರಿ ಮುಂದ ನಾ ಎಡಿ ಇಡಂಗಿಲ್ಲ" ಎಂದರು ಸಾಬಮ್ಮ. ದನಿ ಏರಿಸಲಿಲ್ಲ. ಫ್ರೇಮನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿದರು.

ಬೇರೆ ಫೋಟೋ ಯಾವುದಿದೆ ಎಂದು ಕೇಳಿದೆ. ಆಧಾರ್ ಕಾರ್ಡಿನಲ್ಲಿ ಬರೀ ಕಪ್ಪು, ಮೂಗು ಯಾವುದು ಬಾಯಿ ಯಾವುದು ತಿಳಿಯುವಂತಿರಲಿಲ್ಲ. "ನನ್ನ ಮದುವಿ ಆದ ಮ್ಯಾಲೆ ಅಪ್ಪ ಫೋಟೋಕ್ಕ ನಿಂತೇ ಇಲ್ರಿ ಅಕ್ಕಾ. ಫೋನ್ ಎತ್ತಿದ್ರ ಎದ್ದು ಹೋಗ್ತಿದ್ರು. ಅದಕ್ಕೂ ಮೊದ್ಲು ಮನ್ಯಾಗ ಫೋಟೋ ತೆಗಿಯೋ ಫೋನೇ ಇದ್ದಿಲ್ಲ" ಎಂದಳು ರೇಣುಕಾ. ಗಾಯವನ್ನು ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಬರೆದುಕೊಡಬಹುದಿತ್ತು. ಆದರೆ ಮೂರು ತಿಂಗಳು ಅರಿಶಿಣ ಹಚ್ಚಿದ ಕೈಗೆ ಅದು ಗೊತ್ತಾಗದೆ ಇರುತ್ತದೆಯೇ. ಇನ್ನೊಂದು ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

"ಅಮ್ಮಾ, ನಾಳಿ ಎಡಿ ಇಡೋದ್ರಾಗ ನಿಮ್ಮ ಯಜಮಾನ್ರ ಖರೇ ಮಾರಿ ತಂದು ಕೊಡ್ತೀನ್ರಿ" ಎಂದೆ. ಎಲ್ಲಿಂದ ತರುವುದು ಎಂಬುದು ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ಆದರೆ ತರುವುದಂತೂ ಖಚಿತವಾಗಿತ್ತು. ನಾನು ಸಿಟ್ಟಿನವಳು, ಮತ್ತು ಆ ದಿನದ ಸಿಟ್ಟೆಲ್ಲ ನನ್ನ ಮೇಲೆಯೇ ಇತ್ತು.

ಸ್ಕೂಟಿ ಹತ್ತಿದ ಮೇಲೆ ಶೇಖರ್ ನೆನಪಾದ. ಗದ್ವಾಲದ ಶೇಖರ್ ಆ ಮದುವೆಗೆ ವಿಡಿಯೋ ಮಾಡಿದ್ದವನು. ನಾವು ಹಲವು ಮದುವೆಗಳಲ್ಲಿ ಜೊತೆಗೆ ಕೆಲಸ ಮಾಡಿದ್ದೇವೆ. ಮಹಾ ಸೋಮಾರಿ. ತೆಗೆದದ್ದನ್ನು ಅಳಿಸುವುದಿಲ್ಲ, ಡಿಸ್ಕುಗಳ ಮೇಲೆ ಹೆಸರು ಬರೆಯುವುದಿಲ್ಲ. ಅದಕ್ಕಾಗಿ ನನ್ನಿಂದ ಎಷ್ಟು ಬೈಸಿಕೊಂಡಿದ್ದಾನೋ ಲೆಕ್ಕವಿಲ್ಲ. ದಾರಿಯಲ್ಲೇ ಫೋನ್ ಮಾಡಿದೆ. ಹುಡುಕಬೇಕು ಅಕ್ಕಾ, ಇದ್ದರೂ ಇರಬಹುದು ಎಂದ. ಹಾಗೇ ಮಕ್ತಲ್ ದಾಟಿ, ಜೂರಾಲ ಡ್ಯಾಮಿನ ದಾರಿ ಹಿಡಿದು ಗದ್ವಾಲ ಸೇರುವಾಗ ಮಧ್ಯಾಹ್ನ.

ಅವನ ಕೋಣೆಯಲ್ಲಿ ಒಂದು ರಟ್ಟಿನ ಡಬ್ಬಿಯ ತುಂಬ ಹಳೆಯ ಡಿಸ್ಕುಗಳಿದ್ದವು. ಒಂದೊಂದನ್ನೇ ಹಾಕಿ ನೋಡಿದೆವು. ಯಾರದೋ ಸೀಮಂತ, ಯಾವುದೋ ಶಾಲೆಯ ವಾರ್ಷಿಕೋತ್ಸವ, ಯಾರ್ಯಾರದೋ ಗೃಹಪ್ರವೇಶ. ಏಳನೆಯದರಲ್ಲಿ ರೇಣುಕಾಳ ಮದುವೆ ಸಿಕ್ಕಿತು, ಕತ್ತರಿಸದ ಇಡೀ ವಿಡಿಯೋ.

"ತಿಟ್ಟಿನವ್ ಗದಾ ಅಕ್ಕಾ, ಇಪ್ಪುಡು ಸೂಡು" ಎಂದ ಶೇಖರ್. ಬೈದೆಯಲ್ಲ, ಈಗ ನೋಡು ಎಂದು ತೆಲುಗಿನಲ್ಲಿ ಚುಚ್ಚಿದ್ದು. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು.

ಅಕ್ಷತೆಯ ಹೊತ್ತಿನಿಂದ ನೋಡಲು ಶುರುಮಾಡಿದೆವು. ಮಲ್ಲಪ್ಪನವರು ಬೇಕಾದಷ್ಟು ಕಡೆ ಇದ್ದರು. ಆದರೆ ಎಲ್ಲದರಲ್ಲೂ ಬಲಗೆನ್ನೆಯೇ. ಅಳಿಯನ ಕಾಲು ತೊಳೆಯುವಾಗ ಬಲಗೆನ್ನೆ, ಊಟದ ಸಾಲಿನಲ್ಲಿ ಓಡಾಡುವಾಗ ಬಲಗೆನ್ನೆ. ಮಗಳನ್ನು ಕಳಿಸಿಕೊಡುವಾಗಲಂತೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಮೊದಲು ನಮ್ಮ ಕರ್ಮ ಅಂದುಕೊಂಡೆ. ಎರಡು ತಾಸು ಕಳೆದ ಮೇಲೆ ಅನುಮಾನ ಬಂತು. ಕ್ಯಾಮೆರಾ ಹತ್ತಿರ ಬಂದಾಗೆಲ್ಲ ಅವರು ಬೇಕೆಂದೇ ಆ ಕಡೆ ತಿರುಗುತ್ತಿದ್ದರು. "ಬೆಳಿಗ್ಗೆದು ನೋಡೋಣ, ಮೊದಲಿಂದ ಹಾಕು" ಎಂದೆ.

ಮೊದಲ ತುಣುಕು ಫಂಕ್ಷನ್ ಹಾಲಿನದು. ಮಲ್ಲಪ್ಪನವರು ಹೊಸ ರುಮಾಲು ಸುತ್ತಿಕೊಂಡು ಕುರ್ಚಿಯ ಮೇಲೆ ಕೂತಿದ್ದಾರೆ. ಯಾರೋ ಏನೋ ತಮಾಷೆ ಮಾಡಿದ್ದಾರೆ, ಅವರು ನೇರವಾಗಿ ಕ್ಯಾಮೆರಾ ನೋಡಿ ಬಾಯಿ ತುಂಬ ನಗುತ್ತಿದ್ದಾರೆ. ಎಡಗೆನ್ನೆಯ ಗಾಯ ಬೆಳಕಿನಲ್ಲಿ ನಿಚ್ಚಳವಾಗಿದೆ. ಆಗ ಪಕ್ಕದಿಂದ ಒಂದು ದನಿ ಕೇಳಿಸುತ್ತದೆ.

"ಯಜಮಾನ್ರೇ, ಈ ಕಡೆ ತಿರುಗ್ರಿ. ಆ ಗಲ್ಲ ಫೋಟೋದಾಗ ಚಲೋ ಕಾಣಂಗಿಲ್ಲ."

ದನಿ ನನ್ನದು. ನನ್ನ ಕೈ ಬಂದು ಅವರ ಗದ್ದ ಹಿಡಿದು ಎಡಗೆನ್ನೆ ಮರೆಯಾಗುವಂತೆ ತಿರುಗಿಸುತ್ತದೆ. ಅವರ ನಗು ನಿಂತುಹೋಗುತ್ತದೆ. "ಹಂಗೇನ್ರಿ" ಎಂದು ಮೆಲ್ಲಗೆ ಅನ್ನುತ್ತಾರೆ. ಅಷ್ಟೇ. ಆಮೇಲೆ ದಿನವಿಡೀ ಆ ಮನುಷ್ಯ ತನ್ನ ಮಗಳ ಮದುವೆಯಲ್ಲಿ ತಾನಾಗಿ ಎಡಗೆನ್ನೆಯನ್ನು ಕ್ಯಾಮೆರಾಕ್ಕೆ ತೋರಿಸಿಲ್ಲ.

ನನಗೆ ಈ ಮಾತು ನೆನಪೇ ಇರಲಿಲ್ಲ. ಇಂಥ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಿದ್ದೆ, ಯಾವುದು ಅಂತ ನೆನಪಿಡುವುದು. ನನ್ನ ಮೇಲೆ ನನಗೇ ಹೇಸಿಗೆ ಬಂತು. ಶೇಖರ್ ಎದ್ದುಹೋಗಿ ಚಹಾ ತಂದಿಟ್ಟ. ಅದು ತಣ್ಣಗಾಯಿತು.

ವಿಡಿಯೋ ಎಂದರೆ ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದೇ ಚಿತ್ರವನ್ನು ಮುಂದೆ ತಳ್ಳುತ್ತ ಹೋದೆ. ಒಂದರಲ್ಲಿ ಕಣ್ಣು ಮುಚ್ಚಿದೆ, ಒಂದರಲ್ಲಿ ಮುಖ ಅಲುಗಿದೆ, ಒಂದರಲ್ಲಿ ನನ್ನ ಬೆರಳು ಆಗಲೇ ಒಳಗೆ ಬಂದಿದೆ. ನಡುವೆ ಒಂದೇ ಒಂದು ಚಿತ್ರ ನನ್ನ ಕೈ ಬರುವುದಕ್ಕಿಂತ ಸ್ವಲ್ಪ ಮೊದಲಿನದು ಸಿಕ್ಕಿತು. ಸ್ವಲ್ಪ ಮಸುಕಾಗಿತ್ತು, ಆದರೆ ನಗು ಪೂರ್ತಿ ಇತ್ತು, ಗಾಯ ಪೂರ್ತಿ ಇತ್ತು. "ಸ್ವಲ್ಪ ಕ್ಲೀನ್ ಮಾಡ್ಲಾ ಅಕ್ಕಾ?" ಎಂದು ಶೇಖರ್ ಮೌಸ್ ಹಿಡಿದ.

"ಬ್ಯಾಡ. ಯಾತಕ್ಕೂ ಕೈ ಹಚ್ಚಬ್ಯಾಡ" ಎಂದೆ.

ಮಾರನೆಯ ದಿನ ಏಳು ಗಂಟೆಗೆ ನಾರಾಯಣಪೇಟೆಯಲ್ಲಿ ಫೋಟೋ ಲ್ಯಾಬಿನ ಬಾಗಿಲು ತೆಗೆಸಿದೆ. ಲ್ಯಾಬಿನವರು ನನ್ನ ಕೆಲಸ ಬಲ್ಲವರು. ಚಿತ್ರ ನೋಡಿ ಮುಖ ಹುಳ್ಳಗೆ ಮಾಡಿದರು. "ಮೇಡಂ, ದೊಡ್ಡದು ಮಾಡಿದ್ರ ಕಾಳು ಕಾಳು ಕಾಣ್ತೈತಿ. ಬಣ್ಣಾನೂ ಸರಿ ಇಲ್ಲ. ನಿಮ್ಮ ಹೆಸರು ಕೆಡ್ತೈತಿ ನೋಡ್ರಿ."

"ಕೆಡ್ಲಿ. ಹೆಂಗೈತೋ ಹಂಗ ತೆಗೀರಿ."

ಊರಿಗೆ ಹೋಗುವಾಗ ಹನ್ನೊಂದು ಸಮೀಪಿಸಿತ್ತು. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿ, ಬೀರಪ್ಪ ದೇವರ ಭಂಡಾರದ ಅರಿಶಿಣಪುಡಿ ಚೆಲ್ಲಿ, ಫೋಟೋ ಇಡುವ ಜಾಗ ಖಾಲಿ ಬಿಟ್ಟಿದ್ದರು. ಅಡುಗೆಯಾಗಿತ್ತು. ಎಲ್ಲರೂ ನನ್ನ ದಾರಿಯನ್ನೇ ಕಾಯುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಫ್ರೇಮನ್ನು ಸಾಬಮ್ಮನ ಕೈಗೆ ಕೊಟ್ಟೆ.

ಅವರು ನೋಡಿದರು. ಗಾಜಿನ ಮೇಲೆ ಬೆರಳಿಟ್ಟು ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಮೆಲ್ಲಗೆ ಎಳೆದರು. "ಹ್ಞಾ, ಇವ್ರು" ಎಂದರು. ಹನ್ನೊಂದು ದಿನದಿಂದ ಅಳದವರು ಆಗ ಅತ್ತರೆಂದು ರೇಣುಕಾ ಆಮೇಲೆ ಹೇಳಿದಳು. ಕಂಬಳಿಯ ಮೇಲೆ ಫೋಟೋ ಇಟ್ಟು, ಅದರ ಹಣೆಗೆ ಭಂಡಾರ ಹಚ್ಚಿ, ಎಡೆ ಇಟ್ಟರು.

ನನ್ನ ಕೆಲಸ ಮುಗಿದಿತ್ತು, ಹೊರಟುಬಿಡಬಹುದಿತ್ತು. ಆದರೆ ಹೇಳದೆ ಹೋದರೆ ಮತ್ತೆ ಕ್ಯಾಮೆರಾ ಹಿಡಿಯಲಾರೆ ಅನ್ನಿಸಿತು. ಜನ ಊಟಕ್ಕೆ ಎದ್ದ ಮೇಲೆ ಸಾಬಮ್ಮನ ಪಕ್ಕದಲ್ಲಿ ಕೂತು ವಿಡಿಯೋದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ನಾನಾಡಿದ ಮಾತನ್ನೂ ಬಿಡಲಿಲ್ಲ. "ತಪ್ಪಾಗೇತ್ರಿ ಅಮ್ಮಾ" ಎಂದೆ.

ಅವರು ಫೋಟೋ ನೋಡುತ್ತಲೇ ಹೇಳಿದರು.

"ಮಗಳ ಮದುವಿ ಮಾಡ್ಕೊಂಡು ಬಂದ ಮರುದಿನ ಉಣ್ಣಾಕ ಕುಂತಾಗ ನನ್ನ ಕೇಳಿದ್ರವ್ವಾ. ಸಾಬೀ, ನನ್ನ ಮಾರಿ ಅಷ್ಟು ಕೆಟ್ಟ ಕಾಣ್ತೈತೇನು ಅಂತ. ಮೂವತ್ತು ವರ್ಷದಾಗ ಒಂದು ದಿನಾನೂ ಕೇಳಿದ್ದಿಲ್ಲ. ಯಾಕ ಕೇಳಿದ್ರೋ ನನಗ ತಿಳೀಲಿಲ್ಲ. ನಕ್ಕು, ರೊಟ್ಟಿ ಹಾಕಿ ಒಳಗ ಹೋಗಿಬಿಟ್ಟೆ. ಜವಾಬು ಕೊಡಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಇವತ್ತ ಕೊಟ್ಟೆ."

ಅವರೇ ಎದ್ದು ಒಳಗಿನಿಂದ ತಾಟು ತಂದು ನನ್ನ ಮುಂದೆ ಇಟ್ಟರು. "ಉಣ್ಣು. ನಿನ್ನಿಯಿಂದ ನೀನೂ ಉಂಡಂಗ ಕಾಣಂಗಿಲ್ಲ" ಎಂದರು. ಒಂದು ಅಗುಳೂ ಬಿಡದೆ ಉಂಡೆ.

ಈಗಲೂ ಮದುವೆಗಳಿಗೆ ಹೋಗುತ್ತೇನೆ, ಫೋಟೋ ತೆಗೆಯುತ್ತೇನೆ. ಮೂಲ ಫೋಟೋಗಳನ್ನು ಅಳಿಸುವುದನ್ನು ಬಿಟ್ಟಿದ್ದೇನೆ. ಕಲೆ ತೆಗೆಯಿರಿ ಎಂದು ಅವರೇ ಕೇಳಿದರೆ ತೆಗೆಯುತ್ತೇನೆ, ನಾನಾಗಿ ಮುಟ್ಟುವುದಿಲ್ಲ. ಆದರೆ ಹಳೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎದುರಿಗೆ ಯಾರಾದರೂ ಕೂತರೆ ಅವರ ಗದ್ದದ ಕಡೆ ನನ್ನ ಕೈ ತಾನಾಗಿಯೇ ಹೋಗುತ್ತದೆ. ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡು, "ಹೆಂಗ ಕುಂತೀರೋ ಹಂಗ ಇರ್ರಿ" ಎನ್ನುತ್ತೇನೆ.